ಬಾಳೆಚಿಪ್ಪಿನ ಟೋಪಿ ಹೊಲಿದ ದಿನಗಳು

ಸೈಕಲ್ ಹೆಲ್ಮೆಟ್ ಬೇಕು ಎಂದು ಯಾರಾದರೂ ಅಂಗಡಿಗೆ ಬಂದರೆ ನಾನು ಟೇಪು ಹಿಡಿಯುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: “ಕ್ಷೌರ ಯಾವಾಗ ಮಾಡಿಸಿದ್ದು? ಮುಂದಿನದು ಯಾವಾಗ?” ಕೇಳಿಸಿಕೊಂಡವರು ಬಿದ್ದು ಬಿದ್ದು ನಗುತ್ತಿದ್ದರು. ಹುಸೇನ್ ಸಾಬರು ಚರ್ಮದ ಕೆಲಸ ಬಿಟ್ಟು ಕತ್ತರಿ ಬಾಚಣಿಗೆ ಹಿಡಿದಿದ್ದಾರೆ ಎಂದು ಚಿಕ್ಕಮಗಳೂರಿನ ತುಂಬ ಸುದ್ದಿ ಹಬ್ಬಿಸಿದವರೂ ಇದ್ದಾರೆ. ಊರಿಗೆಲ್ಲ ಟೋಪಿ ಹಾಕಿದವನು ಎಂಬ ಬಿರುದು ನನಗೆ ಹೇಗೂ ಮೊದಲೇ ಇತ್ತು. ಆದರೆ ಆ ಪ್ರಶ್ನೆಯನ್ನು ನಾನು ತಮಾಷೆಗೆ ಕಲಿತದ್ದಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನೀವು ಪೆಟ್ಟಿಗೆ ಬಿಚ್ಚಿ, ಒಳಗಿನ ನಂಬರು ನೋಡಿ, “ಇದು ಆಗುತ್ತೆ ತಗೊಳ್ಳಿ” ಎಂದು ಕೊಟ್ಟು ಕಳಿಸುತ್ತೀರಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದೇನು? ಆ ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ.

ನಾನು ಕೆಲಸ ಕಲಿತದ್ದು ಮಾರ್ಕೆಟ್ ರಸ್ತೆಯ ಖಾದರ್ ಉಸ್ತಾದರ ಅಂಗಡಿಯಲ್ಲಿ. ಆಗಿನ್ನೂ ಬಿಳಿ ದೊರೆಗಳ ಕಾಲ. ಕುದುರೆಯ ಜೀನು, ಲಗಾಮು, ಸೊಂಟದ ಪಟ್ಟಿ, ಬೆಂಡಿನ ಟೋಪಿ, ಇವು ನಮ್ಮ ಕೆಲಸ. ಉಸ್ತಾದರು ಮನೆಯಲ್ಲಿ ಉರ್ದು ಆಡಿದರೂ ಅಂಗಡಿಯಲ್ಲಿ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಗಿರಾಕಿಗೆ ತಿಳಿಯದ ಭಾಷೆ ಆಡಿದರೆ ಅವನಿಗೆ ಅನುಮಾನ ಬರುತ್ತದೆ ಎನ್ನುವುದು ಅವರ ವಾದ. ಮೀಸೆಯ ಕೊನೆಯನ್ನು ಹೊಲಿಗೆಯ ಮೇಣ ಹಚ್ಚಿ ತಿರುವುತ್ತಿದ್ದರು. ಹೊಲಿಗೆ ಒಂದು ನೂಲು ವಾರೆಯಾದರೂ ಪೂರ್ತಿ ಬಿಚ್ಚಿಸುತ್ತಿದ್ದರು. ಬೈಯುತ್ತಿರಲಿಲ್ಲ. ಬಿಚ್ಚಿದ ದಾರವನ್ನು ನನ್ನ ಕೈಗೇ ಕೊಟ್ಟು ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ರೇಸಿನ ಟೋಪಿ ನಮ್ಮ ಅಂಗಡಿಗೆ ಬಂದದ್ದು ಕುದುರೆಯ ಬೆನ್ನ ಮೇಲೆ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಕುದುರೆ ಓಡಿಸುತ್ತಿದ್ದರು. ಸವಾರರು ರೇಷ್ಮೆ ಬಟ್ಟೆಯ ಕೆಳಗೆ ಸೀಸೆಯ ಬಿರಡೆ ಮಾಡುವ ಕಾರ್ಕಿನ ಗಟ್ಟಿ ಬಟ್ಟಲೊಂದನ್ನು ಇಟ್ಟುಕೊಳ್ಳುತ್ತಿದ್ದರು. ನೋಡಿದವರಿಗೆ ಅದು ಬರೀ ಶೋಕಿಯ ಟೋಪಿ. ಒಳಗಿನ ಬಟ್ಟಲು ಕಾಣುತ್ತಿರಲಿಲ್ಲ. ಆಮೇಲೆ ದೊರೆಗಳಿಗೆ ಮೋಟಾರ್ ಸೈಕಲ್ಲಿನ ಹುಚ್ಚು ಹಿಡಿಯಿತು. ಮೂಡಿಗೆರೆ ಕಡೆಯ ಎಸ್ಟೇಟಿನ ದೊರೆಯೊಬ್ಬರು, ಕೆಂಪು ಮುಖದ ಎತ್ತರದ ಮನುಷ್ಯ, ಕ್ಯಾನ್ವಾಸ್ ಬಟ್ಟೆಯ ಪದರಗಳಿಗೆ ಅರಗು ಹಚ್ಚಿ ಮಾಡಿದ ಗಟ್ಟಿ ಟೋಪಿಯೊಂದನ್ನು ತಂದು, ಇಂಥದೇ ಇನ್ನೊಂದು ಬೇಕು ಎಂದರು. ಉಸ್ತಾದರು ಅದನ್ನು ನನಗೆ ಒಪ್ಪಿಸಿದರು. ನಾನು ಎಂಟು ಪದರ ಕೂರಿಸಿದೆ, ಅರಗು ಮಿಂಚುವ ಹಾಗೆ ತಿಕ್ಕಿದೆ, ಒಳಗೆ ಮೆತ್ತೆ ಇಟ್ಟು ಹೊಲಿದೆ. ಅದು ಆಷಾಢ. ಮೆತ್ತೆ ಒಣಗಿದೆಯೋ ಇಲ್ಲವೋ ಎಂದು ಒತ್ತಿ ನೋಡುವಷ್ಟು ಬುದ್ಧಿ ನನಗಿರಲಿಲ್ಲ. ಹದಿನೈದು ದಿನ ಬಿಟ್ಟು ದೊರೆ ಸೀನುತ್ತಲೇ ಅಂಗಡಿಗೆ ಬಂದರು. ಟೋಪಿ ಮಗುಚಿ ಹಿಡಿದರೆ ಒಳಗೆಲ್ಲ ಬೂಷ್ಟು, ಒಂದು ಮೂಲೆಯಲ್ಲಿ ಪುಟ್ಟದೊಂದು ಅಣಬೆ! ಉಸ್ತಾದರು ಅಣಬೆಯನ್ನು ಎರಡು ಬೆರಳಲ್ಲಿ ಕಿತ್ತು ನನ್ನ ಅಂಗೈ ಮೇಲಿಟ್ಟರು. ಅಂದಿನಿಂದ ಮಳೆಗಾಲದಲ್ಲಿ ನಾನು ಹೊಲಿದ ಪ್ರತಿ ಮೆತ್ತೆಯೂ ಮೂರು ದಿನ ಒಲೆಯ ಮೇಲಿನ ಅಟ್ಟದಲ್ಲಿ ಕೂತೇ ಕೆಳಗಿಳಿಯುತ್ತಿತ್ತು.

ಅದೇ ದೊರೆ, ಅಣಬೆ ಮರೆತು ದೊಡ್ಡ ಮನಸ್ಸು ಮಾಡಿ, ಮರುವರ್ಷ ವಿಲಾಯಿತಿಯ ತಮ್ಮ ಊರಿನಿಂದ ಬರುವಾಗ ಒಂದು ಸೈಕಲ್ ಟೋಪಿ ತಂದರು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ! ಚರ್ಮದ ಕೊಳವೆಗಳು, ಒಳಗೆ ತುಂಬಿದ ಮೆತ್ತೆ. ಹಣೆಯಿಂದ ಹಿಂದಲೆಯವರೆಗೆ ಅವುಗಳನ್ನು ಸಾಲಾಗಿ ಜೋಡಿಸಿ, ಸುತ್ತ ಒಂದು ಪಟ್ಟಿ ಹೊಲಿದು, ಕಿವಿಯ ಕೆಳಗೆ ಗದ್ದಕ್ಕೆ ವಾರು ಇಳಿಬಿಟ್ಟಿದ್ದರು. ನಡುವೆಲ್ಲ ಗಾಳಿಯಾಡಲು ಸಂದು. ಉಸ್ತಾದರು ತಿರುಗಿಸಿ ಮುರುಗಿಸಿ ನೋಡಿ, “ಎಂತದು ದೊರೆ ಇದು? ಟೋಪಿಯೋ, ಬಾಳೆಕಾಯಿ ಚಿಪ್ಪೋ?” ಎಂದರು. ಆ ಹೆಸರೇ ನಿಂತಿತು. ಚಿಕ್ಕಮಗಳೂರಿನಲ್ಲಿ ಅದನ್ನು ಯಾರೂ ಹೆಲ್ಮೆಟ್ ಎನ್ನಲಿಲ್ಲ, ಬಾಳೆಚಿಪ್ಪು ಎಂದೇ ಕರೆದರು.

ನಾನು ಒಂದು ಹೊಲಿಗೆ ಬಿಚ್ಚಿ ಒಳಗೇನಿದೆ ನೋಡಿದೆ, ಮತ್ತೆ ಹಾಗೆಯೇ ಹೊಲಿದೆ. ಮೊದಲ ಸಲ ನಾನೇ ಮಾಡಿದಾಗ ಬೂರುಗದ ಹತ್ತಿ ತುಂಬಿದೆ. ಒಂದು ವಾರದಲ್ಲಿ ಕೊಳವೆಗಳು ಚಪ್ಪಟೆಯಾದವು. ಆಮೇಲೆ ಕುದುರೆಯ ಬಾಲದ ಕೂದಲನ್ನು ಕುದಿಸಿ, ಸುರುಳಿ ಮಾಡಿ ತುಂಬಿದೆ. ಒತ್ತಿದರೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ಆಹಾ, ಆ ಎದ್ದು ನಿಲ್ಲುವುದನ್ನು ಹೆಬ್ಬೆರಳಿನಿಂದ ಎಷ್ಟು ಸಲ ಪರೀಕ್ಷೆ ಮಾಡಿದೆನೋ!

ಮಾಡುವುದು ಬಂತು. ಕೂರಿಸುವುದು ಬರಲಿಲ್ಲ. ಇಲ್ಲೇ ಉಸ್ತಾದರಿಗೂ ನನಗೂ ತಗಾದೆ ಹತ್ತಿದ್ದು. ಅವರು ಮೂವತ್ತು ವರ್ಷ ಬೆಂಡಿನ ಟೋಪಿ ಕೂರಿಸಿದವರು. ಬೆಂಡಿನ ಟೋಪಿ ಅಂದರೆ ನೆರಳು. ತಲೆಗೂ ಅದಕ್ಕೂ ನಡುವೆ ಒಂದು ಬೆರಳು ಗಾಳಿ ಇರಬೇಕು. ಬಾಳೆಚಿಪ್ಪಿಗೂ ಅವರು ಅದೇ ಒಂದು ಬೆರಳು ಬಿಡಿಸಿದರು. ಹಾಗೆ ಬಿಟ್ಟ ಟೋಪಿಯನ್ನು ನಾನೇ ಹಾಕಿಕೊಂಡು ಬಾಗಿಲ ಚೌಕಟ್ಟಿಗೆ ಹಿಂದಲೆ ತಾಗಿಸಿದೆ. ಟೋಪಿ ಜಾರಿ ಬಂದು ಕಣ್ಣು ಮುಚ್ಚಿತು.

“ಉಸ್ತಾದ್, ಬಿದ್ದವ್ನಿಗೆ ನೆರಳು ಯಾಕೆ? ಟೋಪಿ ತಲೆ ಜೊತೆನೇ ಇರ್ಬೇಕು ಅಲ್ವ?” ಎಂದೆ.

“ತಲೆಗೆ ಉಸಿರು ಬೇಡ್ವೇನೋ?” ಎಂದರು.

“ಉಸಿರಿಗೆ ಸಂದಿ ಇದೆ. ಬಾಳೆಕಾಯಿ ನಡುವೆ.”

ಅವರು ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ನಾನು ನನ್ನ ದಾರಿ ಹಿಡಿದೆ. ಟೇಪಿನ ಅಳತೆಯನ್ನು ಪೂರ್ತಿ ನಂಬುವುದು ಬಿಟ್ಟೆ. ಇಬ್ಬರ ತಲೆಯೂ ಇಪ್ಪತ್ತೆರಡು ಇಂಚೇ ಇರಬಹುದು. ಒಬ್ಬರದು ಹಲಸಿನ ಬೀಜದ ಹಾಗೆ ಉದ್ದ, ಇನ್ನೊಬ್ಬರದು ಕಿತ್ತಳೆಯ ಹಾಗೆ ಗುಂಡು. ಮೆತ್ತನೆಯ ಸೀಸದ ಪಟ್ಟಿಯನ್ನು ಹಣೆಯ ಸುತ್ತ ಒತ್ತಿ, ಬಗ್ಗಿದ ಹಾಗೆಯೇ ಬಿಡಿಸಿ ಕಾಗದದ ಮೇಲಿಟ್ಟು ಗೆರೆ ಎಳೆದರೆ ತಲೆಯ ಆಕಾರವೇ ಸಿಗುತ್ತಿತ್ತು. ಟೋಪಿಯ ಅಂಚು ಹುಬ್ಬಿನ ಮೇಲೆ ಎರಡು ಬೆರಳು, ಗದ್ದಕ್ಕೂ ವಾರಿಗೂ ನಡುವೆ ಒಂದು ಬೆರಳು. ಕೊನೆಗೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ಹಣೆಯನ್ನು ನೋಡಬೇಕು. ಹಣೆಯ ಚರ್ಮ ಟೋಪಿಯ ಜೊತೆಗೇ ಹರಿದಾಡಿದರೆ ಟೋಪಿ ಕೂತಿದೆ ಎಂದರ್ಥ. ಚರ್ಮ ಅಲ್ಲೇ ಇದ್ದು ಟೋಪಿ ಮಾತ್ರ ತಿರುಗಿದರೆ, ದಯವಿಟ್ಟು, ಅದನ್ನು ಯಾರಿಗೂ ಕೊಡಬೇಡಿ.

ಇಷ್ಟೆಲ್ಲ ಕಲಿತು ನಾನು ಭಾರಿ ಪಂಡಿತನಾಗಿಬಿಟ್ಟೆ ಎಂದುಕೊಂಡಿದ್ದಾಗ ಪಾರ್ವತಮ್ಮನವರು ಮಗನ ಕೈ ಹಿಡಿದುಕೊಂಡು ಅಂಗಡಿಗೆ ಬಂದರು.

ಪಾರ್ವತಮ್ಮನವರದು ನಮ್ಮ ಬೀದಿಯಲ್ಲೇ ಜವಳಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಗದ್ದುಗೆಯ ಮೇಲೆ ತಾವೇ ಕೂತು ವ್ಯಾಪಾರ ನಡೆಸಿದವರು. ಹಣೆಗೆ ಮೂರು ಬೆರಳು ವಿಭೂತಿ, ಬಾಯಲ್ಲಿ ನೇರ ಮಾತು. ಒಬ್ಬನೇ ಮಗ ಶಿವಣ್ಣ, ನನ್ನ ಓರಗೆಯವನು, ನನ್ನ ಗೆಳೆಯ. ತಲೆತುಂಬ ಗುಂಗುರು ಕೂದಲು. ಬಾಚಣಿಗೆ ಸಿಕ್ಕಿಕೊಂಡರೆ ಹಲ್ಲು ಮುರಿಯುತ್ತಿತ್ತು. ಕ್ಲಬ್ಬಿನವರು ಊರಾಚೆಯ ಕೈಮರದಿಂದ ಗುಡ್ಡದ ಮೇಲಿನ ಅತ್ತಿಗುಂಡಿಗೆ ಹತ್ತಿ ಇಳಿದು ಬರುವ ಸೈಕಲ್ ರೇಸ್ ಇಡುತ್ತಿದ್ದರು. ಎಸ್ಟೇಟ್ ರೈಟರುಗಳು, ಮೆಕ್ಯಾನಿಕ್ಕುಗಳು, ಅಂಗಡಿ ಮನೆಯ ಗಂಡುಗಳು, ಯಾರು ಬೇಕಾದರೂ ಸೇರಬಹುದಿತ್ತು. ಹಿಂದಿನ ವರ್ಷ ಶಿವಣ್ಣ ಬರಿದಲೆಯಲ್ಲಿ ಇಳಿಯುವಾಗ ತಿರುವಿನಲ್ಲಿ ಜಲ್ಲಿಯ ಮೇಲೆ ಬಿದ್ದು ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಆ ಎರಡು ದಿನ ಅವರ ಅಂಗಡಿ ಬಾಗಿಲು ತೆರೆಯಲಿಲ್ಲ, ಇಡೀ ಬೀದಿ ಮೆತ್ತಗೆ ಮಾತಾಡಿತು.

“ನೋಡಪ್ಪ ಹುಸೇನ, ಇವ್ನು ಈ ವರ್ಷನೂ ಹೋಗ್ತೀನಿ ಅಂತಾನೆ. ಕಟ್ಟಿ ಹಾಕಕ್ಕೆ ಇದೇನು ಕರುವಾ? ನಿನ್ ಕೈಲಿ ಟೋಪಿ ಮಾಡ್ಸಿದ್ರೆ ಮಾತ್ರ ಕಳಿಸೋದು ಅಂದಿದೀನಿ,” ಎಂದರು ಪಾರ್ವತಮ್ಮ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಹೋದ್ ವರ್ಷ ಕಣ್ಣು ಬಿಟ್ರೆ ಧರ್ಮಸ್ಥಳದಲ್ಲಿ ಮುಡಿ ಕೊಡಿಸ್ತೀನಿ ಅಂತ ಹೇಳ್ಕೊಂಡಿದ್ದೆ. ಇವ್ನು ದಿನ ತಳ್ತಾನೆ ಇದಾನೆ. ರೇಸಿಗೆ ಮೊದ್ಲು ಅದೂ ಆಗ್ಬೇಕು,” ಎಂದರು.

“ಒಳ್ಳೇದಾಯ್ತು ಬಿಡಿ ಅಮ್ಮ. ಹರಕೆ ಇಟ್ಕೊಂಡು ಕೂರ್ಬಾರ್ದು,” ಎಂದೆ ನಾನು. ಹೇಳುತ್ತಲೇ ಶಿವಣ್ಣನ ಗುಂಗುರು ಕೂದಲಿನ ಮೇಲೆ ಸೀಸದ ಪಟ್ಟಿ ಒತ್ತಿ ಅಳತೆ ತೆಗೆದೆ.

ಓದುವ ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ಶಿವಣ್ಣನಿಗೆ ಹೊಳೆಯಲಿಲ್ಲ, ಪಾರ್ವತಮ್ಮನವರಿಗೆ ಹೊಳೆಯಲಿಲ್ಲ, ಪಕ್ಕದಲ್ಲೇ ಕೂತು ಜೀನು ಹೊಲಿಯುತ್ತಿದ್ದ ಉಸ್ತಾದರಿಗೂ ಹೊಳೆಯಲಿಲ್ಲ. ಮುಡಿ ದೇವರಿಗೆ ಸೇರಿದ್ದು, ಟೋಪಿ ನನಗೆ ಸೇರಿದ್ದು. ಎರಡೂ ಇರುವುದು ಒಂದೇ ತಲೆಯ ಮೇಲೆ ಎಂದು ನಾಲ್ವರಲ್ಲಿ ಒಬ್ಬರಿಗೂ ತೋಚದೆ ಹೋಯಿತು.

ಆ ಟೋಪಿಗೆ ನಾನು ನನ್ನ ಪ್ರಾಣವನ್ನೇ ಹಾಕಿದೆ. ಹೊಲಿಗೆ ಉಸ್ತಾದರು ನೋಡಿ ತಲೆದೂಗಿದರು. ರೇಸಿಗೆ ಹತ್ತು ದಿನ ಇರುವಾಗ ಶಿವಣ್ಣನ ತಲೆಯ ಮೇಲಿಟ್ಟು ತಿರುಗಿಸಿದೆ. ಹಣೆ, ಹುಬ್ಬು, ಕಿವಿ ಎಲ್ಲ ಜೊತೆಗೇ ಹರಿದಾಡಿದವು. “ತಲೆಯೇ ಕಿತ್ತು ಬರುತ್ತೆ ಬಿಡು ಮಾರಾಯ!” ಎಂದು ಅವನು ಕೂಗಿದ. ನನಗೆ ಸ್ವರ್ಗ ಮೂರೇ ಗೇಣು.

ಅಮ್ಮ ಮಗ ರೇಸಿಗೆ ಮೂರು ದಿನ ಇರುವಾಗ ಧರ್ಮಸ್ಥಳಕ್ಕೆ ಹೊರಟರು. ಬರುವಾಗ ಘಾಟಿ ಹತ್ತಿದ ಬಸ್ಸು ಕೊಟ್ಟಿಗೆಹಾರದಲ್ಲಿ ಕೆಟ್ಟು ನಿಂತಿತು. ಒಂದು ಇಡೀ ದಿನ ಅಲ್ಲಿ ಕಳೆದು, ರೇಸಿನ ಹಿಂದಿನ ರಾತ್ರಿ ಊರು ಮುಟ್ಟಿದರು. ನಾನು ಆಗಲೇ ಮಲಗಿದ್ದೆ, ಬೆಳಿಗ್ಗೆ ಬೇಗ ಏಳಬೇಕಿತ್ತಲ್ಲ.

ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಕೈಮರಕ್ಕೆ ಹೋದೆ. ಉಸ್ತಾದರು ಕ್ಲಬ್ಬಿನ ಲಾರಿಯಲ್ಲಿ ಉಪಕರಣದ ಚೀಲದೊಂದಿಗೆ ಬಂದಿದ್ದರು. ಜನವೋ ಜನ! ಹನ್ನೆರಡು ಮಂದಿ ಸವಾರರು ಗೆರೆಯ ಹತ್ತಿರ ಚಕ್ರ ಒತ್ತಿ ನೋಡುತ್ತಿದ್ದರು. ಮೂಡಿಗೆರೆಯ ದೊರೆಯೇ ತೀರ್ಪುಗಾರರು. ತಮ್ಮ ಕಂದು ಕುದುರೆಯನ್ನು ಮರಕ್ಕೆ ಕಟ್ಟಿ ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಗುಂಪಿನ ಆಚೆ ಶಿವಣ್ಣ ತಲೆಗೆ ಟವೆಲು ಸುತ್ತಿಕೊಂಡು ಬರುತ್ತಿರುವುದು ಕಂಡಿತು. ಹತ್ತಿರ ಬಂದು ಟವೆಲು ತೆಗೆದ.

ನುಣ್ಣಗೆ ಬೋಳು! ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಅವನ ಕೈಯಲ್ಲಿದ್ದ ಬಾಳೆಚಿಪ್ಪು ಕಿತ್ತುಕೊಂಡು ತಲೆಯ ಮೇಲಿಟ್ಟು ವಾರು ಬಿಗಿದೆ. ಎರಡು ಕೈಯಲ್ಲಿ ಹಿಡಿದು ತಿರುಗಿಸಿದೆ. ಟೋಪಿ ಗಿರ್ರನೆ ತಿರುಗಿತು; ಹಣೆ ಇದ್ದಲ್ಲೇ ಇತ್ತು. ವಾರು ಇನ್ನೂ ಬಿಗಿದೆ. ಹಿಂದಿನಿಂದ ಒಂದು ಬೆರಳಲ್ಲಿ ನೂಕಿದರೆ ಮೂಗಿನ ಮೇಲೆ ಬಂತು.

“ಹೋಗ್ಬೇಡ ಕಣೋ,” ಎಂದೆ. “ಇದು ಇಳಿಜಾರಲ್ಲಿ ಕಣ್ಣಿಗೆ ಬಂದ್ರೆ ನೀನು ನೇರ ಕಂದಕಕ್ಕೆ.”

“ಹಾಗಾದ್ರೆ ಬರೀ ತಲೇಲಿ ಹೋಗ್ತೀನಿ.”

“ಬರೀ ತಲೇಲಿ ಹೋಗ್ತಾನಂತೆ!” ಹಿಂದೆ ಪಾರ್ವತಮ್ಮನವರ ದನಿ ಕೇಳಿತು. ಅವರು ಬಂದದ್ದು ನಾನು ನೋಡಿರಲಿಲ್ಲ. ಅವರು ಮಗನನ್ನು ಬೈಯಲಿಲ್ಲ, ನನ್ನ ಮುಖ ನೋಡಿದರು. “ಹುಸೇನ, ನೀನು ಸರಿಯಾಗಿದೆ ಅಂದ್ರೆ ಕಳಿಸ್ತೀನಿ. ಇಲ್ಲ ಅಂದ್ರೆ ಇಲ್ಲ. ನಂಗೆ ಇವ್ನು ಒಬ್ಬನೇ.”

ಸರಿಯಾಗಿದೆ ಅಮ್ಮ ಎಂದುಬಿಡಲೇ ಅನ್ನಿಸಿತು. ಗೆಳೆಯ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಇಡೀ ವರ್ಷ ಅವನು ಈ ಗುಡ್ಡ ಹತ್ತಿ ಇಳಿದು ತಯಾರಾದದ್ದು ನನಗೆ ಗೊತ್ತಿತ್ತು. ಆದರೆ ಹೋದ ವರ್ಷದ ಆ ಎರಡು ದಿನಗಳೂ ಗೊತ್ತಿದ್ದವು. “ಇಲ್ಲಮ್ಮ, ಸರಿಯಿಲ್ಲ. ತಪ್ಪು ನಂದು. ಕೂದ್ಲು ಹೋಗತ್ತೆ ಅಂತ ನೀವು ಹೇಳಿದ್ರಿ, ನಾನು ಕೂದ್ಲ ಮೇಲೆ ಅಳತೆ ತೆಗ್ದೆ,” ಎಂದೆ.

ಅಷ್ಟರಲ್ಲಿ ಉಸ್ತಾದರು ಜನರನ್ನು ಸರಿಸಿಕೊಂಡು ಬಂದರು. ಟೋಪಿಯನ್ನು ಒಂದು ಸಲ ತಿರುಗಿಸಿ ನೋಡಿದರು. ಒಳಗೆ ಬೆರಳು ಹಾಕಿ, “ಎರಡು ಬೆರಳು ಬಾಕಿ,” ಎಂದರು. ನಮ್ಮ ಚೀಲದಲ್ಲಿ ಏನಿತ್ತು? ಚರ್ಮದ ತುಂಡುಗಳು, ಬೋಳು ತಲೆಯ ಬೆವರಿಗೆ ಅವು ಮತ್ತೂ ಜಾರುತ್ತವೆ. ಬಟ್ಟೆ ತುರುಕಿದರೆ ಮುದುರುತ್ತದೆ. ಉಸ್ತಾದರು ಸುತ್ತ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ದೊರೆಯ ಕುದುರೆಯ ಮೇಲೆ ನಿಂತಿತು. ನೇರ ಹೋಗಿ ಪಟ್ಟಿ ಸಡಿಲಿಸಿದರು, ಜೀನು ಎತ್ತಿ ನೆಲದ ಮೇಲಿಟ್ಟರು, ಜೀನಿನ ಕೆಳಗೆ ಹಾಸುವ ದಪ್ಪ ಉಣ್ಣೆಯ ನಮ್ದಾವನ್ನು ಎಳೆದುಕೊಂಡು ಕಚಕಚನೆ ಕತ್ತರಿಸತೊಡಗಿದರು! ದೊರೆಗಳ ಸಾಮಾನನ್ನು ಕೈತೊಳೆಯದೆ ಮುಟ್ಟದ ಮನುಷ್ಯ ಅವರು.

“ವಾಟ್! ಖಾದರ್!” ದೊರೆ ಗರ್ಜಿಸಿದರು. ಮುಖ ಮತ್ತೂ ಕೆಂಪಾಗಿತ್ತು.

ಉಸ್ತಾದರು ಕತ್ತರಿ ನಿಲ್ಲಿಸಲಿಲ್ಲ. “ನಿಮ್ ಕುದುರೆ ಇವತ್ತು ಓಡಲ್ಲ ದೊರೆ, ಈ ಹುಡ್ಗ ಓಡ್ತಾನೆ. ಹೊಸ ನಮ್ದಾ ನಾನು ಹೊಲ್ಕೊಡ್ತೀನಿ. ನೀವು ಕಾಲು ಗಂಟೆ ಗಡಿಯಾರ ಜೇಬಲ್ಲಿ ಇಟ್ಕೊಳಿ.”

ದೊರೆ ಶಿವಣ್ಣನ ಬೋಳು ತಲೆ ನೋಡಿದರು, ನನ್ನ ಕೈಯಲ್ಲಿದ್ದ ಟೋಪಿ ನೋಡಿದರು. ಅವರೂ ರೇಸಿನ ಮನುಷ್ಯರೇ. ಗಡಿಯಾರವನ್ನು ಜೇಬಿಗೆ ಇಳಿಸಿದರು.

ನಾವಿಬ್ಬರೂ ರಸ್ತೆಯ ಮೇಲೇ ಕೂತೆವು. ಅವರು ಪಟ್ಟಿ ಕತ್ತರಿಸಿ ಕೊಟ್ಟರು, ನಾನು ಹೊಲಿದೆ. ಹಣೆಗೆ ಒಂದು ಪದರ, ಹಿಂದಲೆಗೆ ಎರಡು, ಕಿವಿಯ ಮೇಲೆ ಅರ್ಧ. ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದದ್ದೂ ಗೊತ್ತಾಗಲಿಲ್ಲ. ನಡುವೆ ಎರಡು ಸಲ ಶಿವಣ್ಣನ ತಲೆಗಿಟ್ಟು ನೋಡಿದೆವು.

“ಥೂ, ಎಂತ ಕುದುರೆ ವಾಸನೆ ಮಾರಾಯ!”

“ಬಂದ್ರೆ ಬರ್ಲಿ. ಬಾಯ್ಮುಚ್ಕೊಂಡು ಕೂತ್ಕೊ,” ಎಂದರು ಪಾರ್ವತಮ್ಮ.

ಕೊನೆಯ ಗಂಟು ಬಿಗಿದು ತಿರುಗಿಸಿದೆ. ಬೋಳು ಚರ್ಮವನ್ನು ಉಣ್ಣೆ ಕಚ್ಚಿ ಹಿಡಿಯಿತು. ಹಣೆ ಹರಿದಾಡಿತು, ಹುಬ್ಬು ಹರಿದಾಡಿತು! ಉಸ್ತಾದರು ತಾವೇ ಹಿಂದಿನಿಂದ ನೂಕಿ ನೋಡಿದರು, ಮುಂದಿನಿಂದ ಎತ್ತಿ ನೋಡಿದರು. ನಾನು ಪಾರ್ವತಮ್ಮನವರ ಕಡೆ ತಿರುಗಿ, “ಈಗ ಸರಿಯಾಗಿದೆ ಅಮ್ಮ,” ಎಂದೆ. ಅವರು ಬರೀ ತಲೆಯಾಡಿಸಿದರು. ದೊರೆ ಗಡಿಯಾರ ಹೊರಗೆ ತೆಗೆದರು, ಸೀಟಿ ಊದಿದರು.

ಹನ್ನೆರಡು ಸೈಕಲ್ಲುಗಳು ಕಾಫಿ ತೋಟದ ತಿರುವಿನಲ್ಲಿ ಮಾಯವಾದವು. ಆಮೇಲೆ ಕಾಯುವುದು. ಒಂದೂವರೆ ಗಂಟೆಯೋ, ಎರಡು ಗಂಟೆಯೋ, ಯಾರಿಗೆ ಗೊತ್ತು? ಇಳಿದು ಬರುವ ಸದ್ದು ಕೇಳಿದ ಕೂಡಲೇ ಜನ ಹೋ ಎಂದು ಕೂಗಿದರು. ಮೊದಲು ಬಂದವನು ಒಬ್ಬ ಲಾರಿ ಮೆಕ್ಯಾನಿಕ್. ಎರಡನೆಯವನು ಎಸ್ಟೇಟ್ ರೈಟರ್. ಮೂರು, ನಾಲ್ಕು, ಏಳು. ಶಿವಣ್ಣ ಇಲ್ಲ. ಬಂದವರೆಲ್ಲ ಏದುಸಿರು ಬಿಡುತ್ತ ನೆಲಕ್ಕೆ ಒರಗಿದರು. ಒಂಬತ್ತನೆಯವನು ಬ್ರೇಕು ಹಿಡಿದು ನಿಲ್ಲಿಸುತ್ತಲೇ, “ಜವಳಿ ಅಂಗಡಿಯವ್ರು ಬಿದ್ರು! ಹೋದ್ ವರ್ಷದ ತಿರುವಲ್ಲೇ! ಮುಂದೆ ಇದ್ರು, ಎಲ್ಲರಿಗಿಂತ ಮುಂದೆ!” ಎಂದ.

ಪಾರ್ವತಮ್ಮನವರು ಓಡಿದರು. ಆ ವಯಸ್ಸಿನ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯಲ್ಲಿ ಓಡುವುದನ್ನು ಊರು ಅವತ್ತು ನೋಡಿತು. ಅವರ ಹಿಂದೆ ನಾನು ಓಡಿದೆ. ನನ್ನ ಬಾಯಲ್ಲಿ ಯಾ ಅಲ್ಲಾ, ಅವರ ಬಾಯಲ್ಲಿ ಮಂಜುನಾಥ. ಎರಡು ಫರ್ಲಾಂಗು ಹೋಗಿರಬೇಕು. ತಿರುವಿನಿಂದ ಒಬ್ಬ ಮನುಷ್ಯ ಮುರುಟಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಕುಂಟುತ್ತ ಇಳಿದು ಬರುತ್ತಿದ್ದ. ಮೊಣಕೈಯ ಚರ್ಮ ಕಿತ್ತಿತ್ತು, ಮಂಡಿಯಿಂದ ರಕ್ತ ಸುರಿಯುತ್ತಿತ್ತು. ತಲೆಯ ಮೇಲೆ ಬಾಳೆಚಿಪ್ಪು ಇಟ್ಟ ಕಡೆಯೇ ಇತ್ತು. ಬಲಗಡೆಯ ಎರಡು ಕೊಳವೆ ಉದ್ದಕ್ಕೆ ಸೀಳಿ ಕುದುರೆ ಕೂದಲು ಹೊರಗೆ ನೇತಾಡುತ್ತಿತ್ತು.

“ಗೆಲ್ತಿದ್ದೆ ಕಣೋ,” ಎಂದ ಶಿವಣ್ಣ. ಅಳುತ್ತಿದ್ದ. ನೋವಿಗಲ್ಲ.

ಪಾರ್ವತಮ್ಮನವರು ಗದ್ದದ ವಾರನ್ನು ಎಳೆದರು. ಅವರ ಅವಸರಕ್ಕೆ ಅದು ಬಿಚ್ಚಲಿಲ್ಲ. ನಾನು ಬಿಚ್ಚಿದೆ. ಅವರು ಟೋಪಿ ತೆಗೆದು ನನ್ನ ಕೈಗಿಟ್ಟು, ಮಗನ ಬೋಳು ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಇಂಚಿಂಚೂ ತಡವಿದರು. ಹಣೆ, ನೆತ್ತಿ, ಕಿವಿಯ ಹಿಂದೆ. ಒಂದು ಗೀರೂ ಇರಲಿಲ್ಲ. ನಮ್ದಾದ ಅಚ್ಚು ಮಾತ್ರ ಹಣೆಯ ಸುತ್ತ ಕೆಂಪಗೆ ಮೂಡಿತ್ತು. ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ, ನಗುತ್ತಲೂ ಇದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಸಂತೋಷ ಮತ್ತೆ ಎಂದೂ ಬರಲಿಲ್ಲ.

ಸೈಕಲ್ಲನ್ನು ಲಾರಿಗೆ ಹಾಕಿ, ಶಿವಣ್ಣನನ್ನು ಒಳಗೆ ಕೂರಿಸಿ ಎಲ್ಲರೂ ಹೊರಟರು. ನಾನು ನನ್ನ ಸೈಕಲ್ ಹತ್ತಿದೆ. ಚಿಕ್ಕಮಗಳೂರಿಗೆ ಇಳಿಜಾರು, ಮನಸ್ಸೋ ಗಾಳಿಯಲ್ಲಿತ್ತು. ಪೆಡಲಿಗೆ ಕಾಲಿಟ್ಟದ್ದಷ್ಟೇ, ಲಾರಿಯಿಂದ ಪಾರ್ವತಮ್ಮನವರು ಕೂಗಿದರು.

“ಹುಸೇನ! ನಿನ್ ಟೋಪಿ ಎಲ್ಲೋ?”

ನಾನು ತಲೆ ಮುಟ್ಟಿ ನೋಡಿಕೊಂಡೆ. ಬರಿದಲೆ.

“ನಿಮ್ಮಮ್ಮನಿಗೆ ಎಷ್ಟು ಜನ ಮಕ್ಳೋ?” ಎಂದರು. ನನ್ನಮ್ಮನಿಗೂ ನಾನೊಬ್ಬನೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಸೈಕಲ್ಲಿನಿಂದ ಇಳಿದು, ಅದನ್ನೂ ಲಾರಿಗೆ ಹಾಕಿ, ತಲೆತಗ್ಗಿಸಿ ಅವರ ಪಕ್ಕದಲ್ಲಿ ಕೂತೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದರೆ ಉಸ್ತಾದರು ಗಿರಾಕಿಗಳ ಸ್ಟೂಲನ್ನು ನಡುವೆ ಎಳೆದಿಟ್ಟು ಕಾಯುತ್ತಿದ್ದರು. ಕೂರು ಎಂದು ಕಣ್ಣಿನಲ್ಲೇ ಹೇಳಿದರು. ಕೂತೆ. ಊರಿನ ಎಷ್ಟೋ ತಲೆಗಳಿಗೆ ನಾನು ಒತ್ತಿದ ಸೀಸದ ಪಟ್ಟಿ ತಣ್ಣಗೆ ನನ್ನ ಹಣೆಯ ಸುತ್ತ ಬಂತು. ಉಸ್ತಾದರ ಮೇಣದ ವಾಸನೆಯ ಬೆರಳುಗಳು ಕಿವಿಯ ಹಿಂದೆ, ಹಿಂದಲೆಯ ಕುಳಿಯಲ್ಲಿ ಮೆಲ್ಲಗೆ ಒತ್ತಿದವು.

“ಅಲ್ಲಾಡ್ಬೇಡ,” ಎಂದರು.

ಎಲ್ಲೂ ಒಂದು ಬೆರಳಿನ ಸಂದು ಬಿಡಲಿಲ್ಲ.